ಹೆಪಟೈಟಿಸ್ ಬಿ: ನಮ್ಮ ಮನೆಯ ರಿಪೋರ್ಟ್‌ಗಳನ್ನು ಓದಲು ಕಲಿತದ್ದು

ಲಿವರಿಗೆ ತಗುಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿ ಇದೆ ಎಂದು ಹೇಳುವ ಕಾಗದದಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ. ಎಚ್‌ಬಿಎಸ್‌ಎಜಿ, ಅದರ ಮುಂದೆ ರಿಯಾಕ್ಟಿವ್, ಅಂದರೆ ಸೋಂಕಿನ ಗುರುತು ಸಿಕ್ಕಿದೆ ಎಂದು. ನನ್ನ ಕಾಗದದಲ್ಲಿ ಜೊತೆಗೆ ಒಂದು ಅಂಕಿಯೂ ಇತ್ತು: 4,212. ಪಕ್ಕದ ಅಂಕಣದಲ್ಲಿ, ಒಂದಕ್ಕಿಂತ ಕಡಿಮೆ ಇದ್ದರೆ ನಾನ್‌ರಿಯಾಕ್ಟಿವ್ ಎಂದು ಅಚ್ಚಾಗಿತ್ತು. ಒಂದು ಇರಬೇಕಾದಲ್ಲಿ ನಾಲ್ಕು ಸಾವಿರ! ನಮ್ಮ ಭಾವ ಅದನ್ನು ಓದಿ ಮಾತೇ ಆಡದೆ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟರು.

ಆ ಅಂಕಿ ರಕ್ತದಲ್ಲಿರುವ ವೈರಸ್ಸಿನ ಎಣಿಕೆಯಲ್ಲ. ಪರೀಕ್ಷಾ ಯಂತ್ರಕ್ಕೆ ಸಿಕ್ಕ ಸಂಕೇತವನ್ನು ಅದರ ಗಡಿರೇಖೆಯ ಬೆಲೆಯಿಂದ ಭಾಗಿಸಿದರೆ ಬರುವ ಅನುಪಾತ ಅದು. ಗಡಿ ದಾಟಿತೇ ಇಲ್ಲವೇ ಎಂಬುದಷ್ಟೇ ಅದರಿಂದ ತಿಳಿಯಬೇಕಾದದ್ದು. ಎರಡು ಸಾವಿರ ಬಂದವರಿಗೆ ರೋಗ ಅರ್ಧ, ಎಂಟು ಸಾವಿರ ಬಂದವರಿಗೆ ಇಮ್ಮಡಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಒಂದು ಅಂಕಿಯನ್ನು ನೋಡಿ ರಾತ್ರಿಯಿಡೀ ನಿದ್ದೆಗೆಡುವ ಮನೆಗಳು ಎಷ್ಟಿವೆಯೋ. ಅದಕ್ಕಾಗಿಯೇ ಮೊದಲು ಅದನ್ನು ಬರೆದೆ.

ನನಗೆ ಗೊತ್ತಾದದ್ದು ರಕ್ತದಾನದಿಂದ. 2021ರ ನವೆಂಬರ್‌ನಲ್ಲಿ ತಿಪಟೂರಿನಲ್ಲಿ ನಮ್ಮ ಬಡಾವಣೆಯವರು ರಾಜ್ಯೋತ್ಸವಕ್ಕೆ ಶಿಬಿರ ಇಟ್ಟಿದ್ದರು. ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿ ಚೀಲ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದಕ್ಕೆ ಪರೀಕ್ಷಿಸಲೇಬೇಕು. ರಕ್ತನಿಧಿಯ ಆಪ್ತಸಮಾಲೋಚಕಿ ಕರೆ ಮಾಡಿ, ಬಂದು ಮಾತನಾಡಿ ಹೋಗಿ ಎಂದರು. ಎದುರಿಗೆ ಕೂರಿಸಿಕೊಂಡು ಸಮಾಧಾನವಾಗಿ ಎರಡು ಮಾತು ಹೇಳಿದರು. ಇನ್ನು ಮುಂದೆ ರಕ್ತ ಕೊಡಬೇಡಿ. ಲಿವರ್ ವೈದ್ಯರನ್ನು ನೋಡಿ, ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿಸಿ. ಎರಡನೆಯ ಮಾತಿನ ತೂಕ ಅಂದು ನನಗೆ ತಿಳಿಯಲಿಲ್ಲ. ಕಾಯಿಲೆ ನನ್ನದು, ಮನೆಯವರದ್ದೇಕೆ ಎನಿಸಿತ್ತು.

ತುಮಕೂರಿನ ವೈದ್ಯರು ಮೊದಲು ಕೇಳಿದ ಪ್ರಶ್ನೆ ನನ್ನ ಬಗ್ಗೆ ಆಗಿರಲಿಲ್ಲ. "ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಊದಿ, ನೀರು ತುಂಬಿ ತೀರಿಕೊಂಡದ್ದುಂಟೇ?" ಎಂದರು. ನನ್ನ ಸೋದರಮಾವ ಹಾಗೆಯೇ ಹೋದವರು. ಐವತ್ತೂ ತುಂಬಿರಲಿಲ್ಲ. ಒಂದು ಹನಿ ಹೆಂಡ ಮುಟ್ಟದ ಮನುಷ್ಯ. ಆದರೂ ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದ, ಕದ್ದು ಕುಡಿಯುತ್ತಿದ್ದರೇನೋ ಎಂದು ಊರು ಮಾತನಾಡಿತು. ಅವರ ಹೆಂಡತಿ ಆ ಮಾತನ್ನು ಇಂದಿಗೂ ಹೊತ್ತು ತಿರುಗುತ್ತಿದ್ದಾರೆ. ವೈದ್ಯರು ಅದನ್ನೆಲ್ಲ ಬರೆದುಕೊಂಡರು. "ನಿಮ್ಮ ತಾಯಿಯನ್ನು ಬೇಗ ಕರೆದುಕೊಂಡು ಬನ್ನಿ" ಎಂದರು.

ಅಮ್ಮನ ಹಳೆಯ ಕಾಗದಗಳನ್ನೆಲ್ಲ ಒಯ್ಯೋಣವೆಂದು ಬೀರು ತೆಗೆದೆ. 2018ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಆ ಖಾಸಗಿ ಆಸ್ಪತ್ರೆಯ ಕಡತದ ಮೇಲೆ ಒಂದು ದುಂಡಗಿನ ಕೆಂಪು ಚೀಟಿ ಅಂಟಿಸಿತ್ತು. ಒಳಗೆ, ಸಕ್ಕರೆ ಮತ್ತು ಇಸಿಜಿ ವರದಿಗಳ ನಡುವೆ, ಅದೇ ಸಾಲು: ಎಚ್‌ಬಿಎಸ್‌ಎಜಿ ರಿಯಾಕ್ಟಿವ್. ಅಂದು ಅಮ್ಮನನ್ನು ಎಲ್ಲರ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕಡೆಯವರಾಗಿ ಒಳಗೆ ಕರೆದದ್ದು ನೆನಪಾಯಿತು. ಬೆಳಗಿನಿಂದ ಉಪವಾಸ ಕುಳಿತಿದ್ದ ಸಕ್ಕರೆ ಕಾಯಿಲೆಯ ಹೆಂಗಸು. ತಮ್ಮ ಸಿಬ್ಬಂದಿಯನ್ನು ಕಾಪಾಡಿಕೊಳ್ಳಲು ಅವರಿಗೆ ಆ ಸಾಲು ಬೇಕಿತ್ತು. ಆದರೆ ಅದನ್ನು ಅಮ್ಮನಿಗಾಗಲಿ, ಜೊತೆಯಲ್ಲಿದ್ದ ಅಕ್ಕನಿಗಾಗಲಿ ಯಾರೂ ಹೇಳಲಿಲ್ಲ. ಮೂರು ವರ್ಷ ಆ ಕಾಗದ ನಮ್ಮ ಬೀರುವಿನಲ್ಲೇ ಇತ್ತು. ಈ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ, ಆರಬೇಕಾಗಿಯೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿಸಿದ ಪರೀಕ್ಷೆಗಳ ಕಾಗದಗಳು ನಿಮ್ಮ ಮನೆಯಲ್ಲೂ ಇದ್ದಾವು. ಒಮ್ಮೆ ತೆಗೆದು ನೋಡಿ.

ನಂತರ ಇಡೀ ಮನೆಯ ರಕ್ತ ಲ್ಯಾಬಿಗೆ ಹೋಯಿತು. ಈ ರೋಗದ ಪರೀಕ್ಷೆಗಳನ್ನು ನಾನು ಅರ್ಥ ಮಾಡಿಕೊಂಡದ್ದು ಯಾವ ಪುಸ್ತಕದಿಂದಲೂ ಅಲ್ಲ, ನಮ್ಮ ಐದು ಜನರ ಕಾಗದಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ನೋಡಬೇಕಾದದ್ದು ಮುಖ್ಯವಾಗಿ ಮೂರು. ಎಚ್‌ಬಿಎಸ್‌ಎಜಿ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನ್, ಅದು ಸಿಕ್ಕರೆ ವೈರಸ್ ಈಗ ಮೈಯಲ್ಲಿದೆ. ಆಂಟಿ ಎಚ್‌ಬಿಎಸ್ ಎಂದರೆ ಅದರ ವಿರುದ್ಧದ ರಕ್ಷಣೆ. ಆಂಟಿ ಎಚ್‌ಬಿಸಿ ಎಂದರೆ ವೈರಸ್ ಎಂದಾದರೂ ನಿಜವಾಗಿ ಮೈಹೊಕ್ಕಿತ್ತು ಎಂಬುದರ ಗುರುತು. ಲಸಿಕೆಯಿಂದ ಈ ಮೂರನೆಯದು ಬರುವುದಿಲ್ಲ, ಏಕೆಂದರೆ ಲಸಿಕೆಯಲ್ಲಿ ಇರುವುದು ಹೊರಕವಚದ ತುಣುಕು ಮಾತ್ರ.

ಮಗಳ ಕಾಗದದಲ್ಲಿ ರಕ್ಷಣೆ ಇತ್ತು, ಉಳಿದೆರಡೂ ಇರಲಿಲ್ಲ. ಮಗುವಾಗಿದ್ದಾಗ ಹಾಕಿಸಿದ ಲಸಿಕೆ ಕೆಲಸ ಮಾಡಿದೆ ಎಂದರ್ಥ. ಹೆಂಡತಿಯದರಲ್ಲಿ ಮೂರೂ ನೆಗೆಟಿವ್. ಇಷ್ಟು ವರ್ಷ ನನ್ನ ಜೊತೆ ಬಾಳಿಯೂ ಸೋಂಕು ತಗುಲಿರಲಿಲ್ಲ, ಆದರೆ ರಕ್ಷಣೆಯೂ ಇರಲಿಲ್ಲ. ಅವಳಿಗೆ ಅಂದೇ ಮೊದಲ ಲಸಿಕೆ, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಮಟ್ಟ ನೋಡಿಸಿದೆವು. ಹತ್ತು ದಾಟಿದ್ದರೆ ಸಾಕು ಎನ್ನುತ್ತಾರೆ, ಅವಳದು ಇನ್ನೂರರ ಮೇಲಿತ್ತು. ಅಲ್ಲಿಯವರೆಗೆ ನಿರೋಧ್ ಬಳಸಿ ಎಂದು ವೈದ್ಯರು ಸಂಕೋಚವಿಲ್ಲದೆ ಹೇಳಿದ್ದರು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಈ ಸೋಂಕಿದ್ದರೆ ಇದು ಮೊದಲು ಆಡಬೇಕಾದ ಮಾತು.

ಅಕ್ಕನ ಕಾಗದ ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ಎಚ್‌ಬಿಎಸ್‌ಎಜಿ ನೆಗೆಟಿವ್, ಆದರೆ ಆಂಟಿ ಎಚ್‌ಬಿಎಸ್ ಪಾಸಿಟಿವ್, ಆಂಟಿ ಎಚ್‌ಬಿಸಿ ಕೂಡ ಪಾಸಿಟಿವ್. ಎರಡು ಕಡೆ ಪಾಸಿಟಿವ್ ಎಂದು ಓದಿ ಅವಳು ಅಳತೊಡಗಿದಳು. ಅಸಲಿಗೆ ನಮ್ಮೆಲ್ಲರಲ್ಲಿ ಗೆದ್ದವಳು ಅವಳೇ. ಸೋಂಕು ಎಂದೋ ಬಂದಿತ್ತು, ಅವಳ ದೇಹ ಅದನ್ನು ತಾನೇ ಸೋಲಿಸಿತ್ತು. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಹೀಗೆ ಗುಣವಾಗುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಬಂದರೆ ಲೆಕ್ಕ ತಿರುವುಮುರುವು, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಅಕ್ಕನಿಗೆ ವೈದ್ಯರು ಒಂದೇ ಎಚ್ಚರಿಕೆ ಕೊಟ್ಟರು: ಮುಂದೆ ಎಂದಾದರೂ ಕ್ಯಾನ್ಸರಿಗೋ ಸಂಧಿವಾತಕ್ಕೋ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡುವುದಾದರೆ ಈ ಕಾಗದವನ್ನು ಅಲ್ಲಿಯ ವೈದ್ಯರಿಗೆ ತೋರಿಸಲೇಬೇಕು. ಮಲಗಿದ ವೈರಸ್ ಆಗ ಏಳಬಹುದು.

ನನ್ನ ವಿಷಯದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಸೋಂಕು ಹೊಸತೋ ಹಳೆಯದೋ ಎಂಬುದು. ಆಂಟಿ ಎಚ್‌ಬಿಸಿಯಲ್ಲಿ ಐಜಿಎಂ ಎಂಬ ಬಗೆ ಸಿಕ್ಕಿದ್ದರೆ ಹೊಸತೆಂದು ಶಂಕಿಸುತ್ತಾರೆ. ನನಗೆ ಅದು ನೆಗೆಟಿವ್. ಆರು ತಿಂಗಳ ನಂತರವೂ ಎಚ್‌ಬಿಎಸ್‌ಎಜಿ ಹಾಗೆಯೇ ಇದ್ದದ್ದರಿಂದ ದೀರ್ಘಕಾಲದ ಸೋಂಕು ಎಂದು ಬರೆದರು. ವೈರಸ್ ಜೋರಾಗಿ ಬೆಳೆಯುವಾಗ ರಕ್ತಕ್ಕೆ ಬಿಡುವ ಇ ಆಂಟಿಜೆನ್ ಎಂಬ ಇನ್ನೊಂದು ಪ್ರೋಟೀನ್ ನೆಗೆಟಿವ್ ಇತ್ತು. ಅದನ್ನು ನೋಡಿ ಲ್ಯಾಬಿನ ಹುಡುಗ "ಸರ್, ನಿಮ್ಮದು ಒಳ್ಳೆಯ ರಿಪೋರ್ಟ್" ಎಂದಿದ್ದ. ವೈದ್ಯರು ಆ ಮಾತಿಗೆ ತಡೆ ಹಾಕಿದರು. ಇ ಆಂಟಿಜೆನ್ ಇಲ್ಲದಿದ್ದರೆ ವೈರಸ್ ಸುಮ್ಮನಿದೆ ಎಂದು ಕೆಲವರಲ್ಲಿ ಅರ್ಥ. ಆದರೆ ಆ ಪ್ರೋಟೀನನ್ನು ತಯಾರಿಸದಂತೆ ರೂಪಾಂತರಗೊಂಡ ವೈರಸ್ಸೂ ಇದೆ. ಅದು ಇ ನೆಗೆಟಿವ್ ಆಗಿದ್ದುಕೊಂಡೇ ಲಿವರನ್ನು ಕೆಡಿಸುತ್ತಿರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಎಣಿಕೆ, ಮತ್ತು ಎಸ್‌ಜಿಪಿಟಿ, ಅಂದರೆ ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ. ಅದೂ ಒಂದು ಸಲದ್ದಲ್ಲ, ವರ್ಷಗಟ್ಟಲೆ ಸಾಲಾಗಿ ನೋಡಿದ್ದು.

ಆಗ ನನ್ನ ವೈರಲ್ ಲೋಡ್ ಮಿಲಿಲೀಟರಿಗೆ 1,640 ಐಯು. ಎಸ್‌ಜಿಪಿಟಿ 31. ಎರಡು ಸಾವಿರದ ಕೆಳಗೆ ಇದ್ದದ್ದರಿಂದ ಸದ್ಯಕ್ಕೆ ಔಷಧಿ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ಈ ಅಂಕಿಗಳನ್ನು ಓದುವ ಬಗೆಯನ್ನೂ ಕಲಿಸಿದರು. ವೈರಲ್ ಲೋಡ್ 1,640ರಿಂದ 2,300ಕ್ಕೆ ಹೋದರೆ ಗಾಬರಿ ಬೇಡ, ಅಷ್ಟು ವ್ಯತ್ಯಾಸ ಪರೀಕ್ಷೆಯಲ್ಲೇ ಬರುತ್ತದೆ. ಹತ್ತು ಪಟ್ಟು ಏರಿತೇ ಎಂಬುದನ್ನು ನೋಡಬೇಕು. ಹಾಗಾಗಿ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಲೇಸು. ಎಸ್‌ಜಿಪಿಟಿಯ ಪಕ್ಕದಲ್ಲಿ ಲ್ಯಾಬಿನವರು ನಲವತ್ತೋ ಐವತ್ತೋ ಮಿತಿ ಎಂದು ಅಚ್ಚು ಹಾಕಿರುತ್ತಾರೆ. ಹೆಪಟೈಟಿಸ್ ಬಿ ಇರುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಗಂಡಸರಿಗೆ 30, ಹೆಂಗಸರಿಗೆ 19. ದಪ್ಪ ಅಕ್ಷರದಲ್ಲಿ ಮುದ್ರಿಸದ ಅಂಕಿಯೆಲ್ಲ ನಾರ್ಮಲ್ ಎಂದುಕೊಂಡು ಮುಂದೆ ಹೋಗುವಂತಿಲ್ಲ.

ಅದಕ್ಕೆ ನಮ್ಮ ಅಮ್ಮನೇ ಸಾಕ್ಷಿ. ಅವರ ಎಸ್‌ಜಿಪಿಟಿ 27, ಲ್ಯಾಬಿನ ಲೆಕ್ಕದಲ್ಲಿ ಪೂರ್ತಿ ನಾರ್ಮಲ್. ಕಾಮಾಲೆ ಬಂದದ್ದಿಲ್ಲ, ಕಣ್ಣು ಹಳದಿಯಾದದ್ದಿಲ್ಲ, ತೋಟದಿಂದ ಕಾಯಿ ಹೊತ್ತು ತರುತ್ತಿದ್ದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಮಾತ್ರ ಕಡಿಮೆ, 98,000. ವೈದ್ಯರ ಬೆರಳು ಆ ಸಾಲಿನ ಮೇಲೆ ನಿಂತಿತು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೊಸ್ಕ್ಯಾನ್‌ಗೆ ಬೆಂಗಳೂರಿಗೆ ಬರೆದುಕೊಟ್ಟರು.

ಇಬ್ಬರೂ ಒಟ್ಟಿಗೆ ಹೋದೆವು. ಮೂರು ಗಂಟೆ ಏನೂ ತಿಂದಿರಬಾರದು ಎಂದಿದ್ದರಿಂದ ರೈಲಿನಲ್ಲಿ ಬುತ್ತಿ ಬಿಚ್ಚಲಿಲ್ಲ. ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಹಿಂದೆ ಇಡಿಸುತ್ತಾರೆ, ಪಕ್ಕೆಲುಬುಗಳ ಸಂದು ಅಗಲವಾಗಲೆಂದು. ತಣ್ಣನೆಯ ಜೆಲ್ ಸವರಿ, ಪೆನ್ನಿನಷ್ಟು ದಪ್ಪದ ಮೊನೆಯನ್ನು ಸಂದಿಗೆ ಒತ್ತಿ ಗುಂಡಿ ಅದುಮುತ್ತಾರೆ. ಯಾರೋ ಬೆರಳಿನಿಂದ ಪಕ್ಕೆಗೆ ಟಕ್ ಎಂದು ಹೊಡೆದ ಹಾಗೆ ಆಗುತ್ತದೆ, ನೋವಿಲ್ಲ. ಆ ತಟ್ಟು ಹುಟ್ಟಿಸಿದ ಅಲೆ ಲಿವರಿನಲ್ಲಿ ಎಷ್ಟು ವೇಗವಾಗಿ ಓಡಿತು ಎಂದು ಯಂತ್ರ ಅಳೆಯುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆಯ ವೇಗ ಹೆಚ್ಚು. ಸರಿಯಾದ ಹತ್ತು ಅಳತೆಗಳು ಸಿಗುವವರೆಗೆ ತಟ್ಟಿ, ಅವುಗಳ ಮಧ್ಯದ ಬೆಲೆಯನ್ನು ಕಿಲೋಪಾಸ್ಕಲ್ ಲೆಕ್ಕದಲ್ಲಿ ಕೊಡುತ್ತಾರೆ. ನನಗೆ 5.8 ಬಂತು. ಅಮ್ಮನಿಗೆ 17.4.

ಅದರ ಅರ್ಥ ಸಿರೋಸಿಸ್, ಲಿವರ್ ಗಾಯದ ಕಲೆಗಳಿಂದ ಗಂಟುಗಟ್ಟಿದೆ. ಆದರೆ ಕೆಲಸ ಇನ್ನೂ ನಿಲ್ಲಿಸಿಲ್ಲ. ಈ ಹಂತದಲ್ಲಿ ರಕ್ತದಲ್ಲಿ ವೈರಸ್ ಎಷ್ಟೇ ಕಡಿಮೆ ಸಿಕ್ಕರೂ ಔಷಧಿ ಶುರು ಮಾಡುತ್ತಾರೆ, ಎಸ್‌ಜಿಪಿಟಿ ಏರಲಿ ಎಂದು ಕಾಯುವುದಿಲ್ಲ. ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ಎಂಡೋಸ್ಕೋಪಿ ಮಾಡಿದರು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಗಳು ಸೊರಗಿದ್ದರಿಂದ, ವೈರಸ್ ತಡೆಯುವ ಮಾತ್ರೆಗಳಲ್ಲಿ ಟೆನೊಫೊವಿರ್ ಬಿಟ್ಟು ಎಂಟೆಕಾವಿರ್ ಬರೆದರು, ಅದನ್ನೂ ಮೂತ್ರಪಿಂಡದ ಶಕ್ತಿ ನೋಡಿ ಅಳತೆ ಮಾಡಿ. ಅದು ಖಾಲಿ ಹೊಟ್ಟೆಯ ಮಾತ್ರೆ, ಊಟಕ್ಕೂ ಅದಕ್ಕೂ ಎರಡೆರಡು ಗಂಟೆ ಅಂತರ ಇರಬೇಕು. ಸಕ್ಕರೆ ಕಾಯಿಲೆಯವರಿಗೆ ಇದು ಸುಲಭವಲ್ಲ. ಕೊನೆಗೆ ಅಮ್ಮ ಏಳಕ್ಕೇ ಊಟ ಮುಗಿಸಿ ರಾತ್ರಿ ಮಲಗುವ ಹೊತ್ತಿಗೆ ನುಂಗುವುದೆಂದು ಗೊತ್ತುಮಾಡಿಕೊಂಡೆವು.

ಅಮ್ಮ ಮಾತ್ರೆಗೆ ಹೆದರಲಿಲ್ಲ, ಮನೆಯವರಿಗೆ ಅಂಟಿಸಿಬಿಡುತ್ತೇನೆಂದು ಹೆದರಿದರು. ಬೆಂಗಳೂರಿನಿಂದ ಬಂದ ರಾತ್ರಿಯೇ ಅಡುಗೆಮನೆಯ ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ಟುಕೊಂಡರು. ಗೃಹಪ್ರವೇಶಕ್ಕೆ ಮಾವ ತಮ್ಮ ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ಲೋಟ ಅದು. ನಾನು ಹೇಳಿದರೆ ಕೇಳಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರಿಂದಲೇ ಹೇಳಿಸಿದೆ. "ಅಮ್ಮಾ, ಎಂಜಲಿನ ತಟ್ಟೆಯಿಂದ, ಒಟ್ಟಿಗೆ ಉಣ್ಣುವುದರಿಂದ, ಮೊಮ್ಮಗಳನ್ನು ಮುದ್ದಾಡುವುದರಿಂದ ಇದು ಹರಡುವುದಿಲ್ಲ. ರಕ್ತದಿಂದ ಹರಡುತ್ತದೆ, ದಾಂಪತ್ಯದಿಂದ ಹರಡುತ್ತದೆ, ಹೆರಿಗೆಯಲ್ಲಿ ಮಗುವಿಗೆ ಹೋಗುತ್ತದೆ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್, ಸಕ್ಕರೆ ನೋಡುವ ಸೂಜಿ, ಇವು ನಿಮ್ಮವೇ ಆಗಿರಲಿ. ಲೋಟ ಎಲ್ಲರದ್ದೂ ಆಗಲಿ" ಎಂದರು. ಒಣಗಿದ ರಕ್ತದ ಕಲೆಯಲ್ಲೂ ವೈರಸ್ ಏಳು ದಿನ ಜೀವಂತ ಇರಬಲ್ಲದು ಎಂದೂ ಹೇಳಿದರು. ಸೂಜಿಯ ಬಗ್ಗೆ ಅಮ್ಮ ಅಂದಿನಿಂದ ಕಟ್ಟುನಿಟ್ಟು.

ನೆಲನೆಲ್ಲಿಯ ಮಾತನ್ನು ಬಿಡುವಂತಿಲ್ಲ, ಏಕೆಂದರೆ ಬಂದವರೆಲ್ಲ ಅದನ್ನೇ ಹೇಳಿದರು. ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ನಮ್ಮ ಕಡೆ ತಲೆತಲಾಂತರದಿಂದ ಇದೆ. ಇದನ್ನು ವಿಜ್ಞಾನ ಕಡೆಗಣಿಸಿದೆ ಎಂಬುದು ನಿಜವಲ್ಲ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರೊಂದಿಗೆ ಸೇರಿ ಇದನ್ನು ಪರೀಕ್ಷಿಸಿದರು. 1988ರಲ್ಲಿ ಬಂದ ಫಲಿತಾಂಶ ಬಹಳ ಆಸೆ ಹುಟ್ಟಿಸಿತು. ಆದರೆ ನಂತರ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಗುಣ ಮತ್ತೆ ಕಾಣಲಿಲ್ಲ. ದೊಡ್ಡವರಲ್ಲಿ ಹೊಸ ಸೋಂಕು ತಾನಾಗಿಯೇ ಗುಣವಾಗುವುದರಿಂದ, ಆ ಹೊತ್ತಿನಲ್ಲಿ ಕುಡಿದ ಯಾವ ಕಷಾಯಕ್ಕೂ ಯಶಸ್ಸು ಬಂದುಬಿಡುತ್ತದೆ. ನಮ್ಮ ಮಾವನಿಗೆ ಕೊನೆಯ ವರ್ಷವೆಲ್ಲ ಕುಡಿಸಿದ್ದು ಅದನ್ನೇ.

ನನ್ನ ಸಾಲು ಅಂಕಿಗಳು ಎರಡು ವರ್ಷ ಅಲ್ಲಲ್ಲೇ ಇದ್ದವು. 2024ರ ಬೇಸಿಗೆಯಲ್ಲಿ ಎಸ್‌ಜಿಪಿಟಿ 58ಕ್ಕೆ ಏರಿತು. ಕೊಬ್ಬಿನ ಲಿವರಿನಿಂದಲೂ ಹೀಗಾಗಬಹುದು ಎಂದು ಅಲ್ಟ್ರಾಸೌಂಡ್ ಮಾಡಿಸಿದರು, ಕೊಬ್ಬು ಇರಲಿಲ್ಲ. ವೈರಲ್ ಲೋಡ್ 28,500. ಫೈಬ್ರೊಸ್ಕ್ಯಾನ್ 7.9. ವೈದ್ಯರು ಕಾಗದದ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಎಪಿಆರ್‌ಐ ಎನ್ನುತ್ತಾರೆ. ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯನ್ನು ಅದರ ಮಿತಿಯಿಂದ ಭಾಗಿಸಿ, ಬಂದದ್ದನ್ನು ಸಾವಿರದ ಲೆಕ್ಕದ ಪ್ಲೇಟ್‌ಲೆಟ್‌ನಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ನನ್ನ ಎಸ್‌ಜಿಒಟಿ 46, ಮಿತಿ 40, ಪ್ಲೇಟ್‌ಲೆಟ್ 1,90,000. ಉತ್ತರ 0.6. ಯಂತ್ರವಿಲ್ಲದ ಊರಿನಲ್ಲೂ ಮಾಡಬಹುದಾದ ಲೆಕ್ಕ ಇದು. ಆ ವರ್ಷದ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿ ಚಿಕಿತ್ಸೆಯ ಬಾಗಿಲನ್ನು ಅಗಲ ಮಾಡಿತ್ತು. ಎಪಿಆರ್‌ಐ 0.5 ದಾಟಿದರೆ ಅಥವಾ ಫೈಬ್ರೊಸ್ಕ್ಯಾನ್ 7 ದಾಟಿದರೆ ಚಿಕಿತ್ಸೆ, ವೈರಲ್ ಲೋಡ್ ಎರಡು ಸಾವಿರ ದಾಟಿ ಎಸ್‌ಜಿಪಿಟಿಯೂ ಮಿತಿ ಮೀರಿದ್ದರೆ ಚಿಕಿತ್ಸೆ, ಮನೆಯಲ್ಲಿ ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಆದವರಿದ್ದರೂ ಚಿಕಿತ್ಸೆ. ನಾನು ಎಲ್ಲ ಬಾಗಿಲುಗಳಿಂದಲೂ ಒಳಗೆ ಬರುತ್ತಿದ್ದೆ.

ಆಯ್ಕೆಗಳನ್ನು ಮುಂದಿಟ್ಟರು. ಪೆಗ್ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ವಾರಕ್ಕೊಂದರಂತೆ 48 ವಾರ. ಅವಧಿ ಗೊತ್ತಿರುವ ಚಿಕಿತ್ಸೆ ಎಂಬುದು ಅದರ ಹೆಚ್ಚುಗಾರಿಕೆ. ಜ್ವರ, ಮೈಕೈ ನೋವು, ಮಂಕು, ರಕ್ತಕಣ ಇಳಿಯುವುದು ಇವೆಲ್ಲ ಜೊತೆಗೆ ಬರುತ್ತವೆ, ಫಲ ಸಿಗುವುದು ಕೆಲವರಿಗೆ. ಇನ್ನೊಂದು ದಾರಿ ದಿನಕ್ಕೊಂದು ಮಾತ್ರೆ: ಟೆನೊಫೊವಿರ್ 300 ಮಿಲಿಗ್ರಾಂ, ಎಂಟೆಕಾವಿರ್, ಅಥವಾ ಟೆನೊಫೊವಿರ್‌ನ ಹೊಸ ಬಗೆಯಾದ 25 ಮಿಲಿಗ್ರಾಂನದು. ಹೊಸದು ಮೂತ್ರಪಿಂಡಕ್ಕೂ ಮೂಳೆಗೂ ಹಗುರ. ಮೂತ್ರಪಿಂಡದ ಕೆಲಸ ತೋರಿಸುವ ನನ್ನ ಕ್ರಿಯಾಟಿನಿನ್ ಚೆನ್ನಾಗಿದ್ದುದರಿಂದ ಹಳೆಯದೇ ಸಾಕು ಎಂದರು. ಶುರು ಮಾಡುವ ಮುಂಚೆ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡಿದರು. ಎರಡೂ ಸೋಂಕು ಇರುವವರು ಈ ಮಾತ್ರೆಯನ್ನು ಒಂಟಿಯಾಗಿ ನುಂಗಿದರೆ ಎಚ್‌ಐವಿ ಔಷಧಿಗೆ ಬಗ್ಗದಂತಾಗುತ್ತದೆ.

"ಎಷ್ಟು ದಿನ ನುಂಗಬೇಕು ಸರ್?" ಎಂದು ಕೇಳಿದೆ. ವೈರಸ್ ತನ್ನ ಮೂಲಪ್ರತಿಯನ್ನು ಲಿವರಿನ ಜೀವಕೋಶದ ಕೇಂದ್ರದಲ್ಲೇ ಹುದುಗಿಸಿಟ್ಟಿರುತ್ತದೆ. ಮಾತ್ರೆ ಅದರ ಸಂತಾನವನ್ನು ತಡೆಯುತ್ತದೆ, ಮೂಲವನ್ನು ಮುಟ್ಟುವುದಿಲ್ಲ. ತೋಟದಲ್ಲಿ ಗರಿಕೆಯನ್ನು ಮೇಲೆ ಕೊಯ್ದಷ್ಟು ದಿನ ನೆಲ ಚೊಕ್ಕಟ, ಬಿಟ್ಟರೆ ಬೇರಿನಿಂದ ಮತ್ತೆ ಹಬ್ಬಿದಂತೆ. ವೈದ್ಯರ ಮಾತಿಲ್ಲದೆ ನಿಲ್ಲಿಸಿದರೆ ವೈರಸ್ ಭರ್ರನೆ ಏರಿ ಲಿವರ್ ಒಮ್ಮೆಲೇ ಕೈಕೊಡುವ ಅಪಾಯವಿದೆ. ಎಚ್‌ಬಿಎಸ್‌ಎಜಿಯೇ ಅಳಿಸಿಹೋಗುವುದು ಮಾತ್ರೆಯಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಕಷ್ಟ. ಅಂದರೆ ಬಹುಪಾಲು ಇದು ಬಿಪಿ ಮಾತ್ರೆಯ ಹಾಗೆ ಜೊತೆಗೇ ಇರುವಂಥದ್ದು.

ಮಾತ್ರೆ ನನಗೆ ಸರ್ಕಾರದಿಂದಲೇ ಸಿಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಇದು ಬಹಳ ಜನರಿಗೆ ಗೊತ್ತಿಲ್ಲ. ವೈರಲ್ ಲೋಡ್ ದುಬಾರಿ ಎಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿ ಎಂದು ಕೇಳಿ.

ಆರು ತಿಂಗಳಿಗೆ ವೈರಲ್ ಲೋಡ್ "ಪತ್ತೆಯಾಗಿದೆ, ಅಳತೆಯ ಮಿತಿಗಿಂತ ಕಡಿಮೆ" ಎಂದು ಬಂತು. ಅದರ ಮುಂದಿನ ಸಲ "ಪತ್ತೆಯಾಗಿಲ್ಲ". ಎರಡರ ನಡುವೆ ವ್ಯತ್ಯಾಸವಿದೆ, ಆದರೂ ಎರಡೂ ಒಳ್ಳೆಯವೇ. ಎಸ್‌ಜಿಪಿಟಿ 24. ಎಚ್‌ಬಿಎಸ್‌ಎಜಿ ಮಾತ್ರ ರಿಯಾಕ್ಟಿವ್ ಆಗಿಯೇ ಇದೆ. ಅಮ್ಮನ ವೈರಸ್ಸೂ ಈಗ ಪತ್ತೆಯಾಗುವುದಿಲ್ಲ. ಫೈಬ್ರೊಸ್ಕ್ಯಾನ್ 17ರಿಂದ 12ಕ್ಕೆ ಇಳಿದಿದೆ. ಆದರೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸುವುದಿಲ್ಲ. ಸಿರೋಸಿಸ್ ಆದ ಲಿವರಿನಲ್ಲಿ ವೈರಸ್ ಅಡಗಿದ ಮೇಲೂ ಕ್ಯಾನ್ಸರ್ ಹುಟ್ಟಬಹುದು, ಸಣ್ಣದಿದ್ದಾಗಲೇ ಕಂಡರೆ ತೆಗೆಯಬಹುದು.

ಮಾವನ ಮನೆಗೆ ಹೋಗಿ ಅತ್ತೆಯ ಮುಂದೆ ಈ ಕಾಗದಗಳನ್ನೆಲ್ಲ ಹರಡಿದೆ. ಮಾವನಿಗೂ ಅಮ್ಮನಿಗೂ ಬಹುಶಃ ಅಜ್ಜಿಯಿಂದಲೇ ಬಂದದ್ದು, ಮಾವ ಕುಡಿದು ಸತ್ತವರಲ್ಲ ಎಂದೆ. ಅತ್ತೆ ಬಹಳ ಹೊತ್ತು ಏನೂ ಹೇಳಲಿಲ್ಲ. "ಇದನ್ನು ನಮ್ಮ ಬೀದಿಯಲ್ಲಿ ನಾಲ್ಕು ಜನರ ಎದುರಿಗೆ ಹೇಳಪ್ಪ" ಎಂದರು. ಹೇಳಿದೆ.

ಅವರ ಮಗಳು ಆಗ ಬಸುರಿ. ಬಸುರಿಯರಿಗೆ ಮಾಡುವ ಪರೀಕ್ಷೆಯಲ್ಲಿ ಅವಳೂ ಪಾಸಿಟಿವ್ ಬಂದಿದ್ದಳು, ಗಂಡನ ಮನೆಯವರಿಗೆ ಹೇಳಲು ಹೆದರಿ ಮುಚ್ಚಿಟ್ಟಿದ್ದಳು. ವೈರಲ್ ಲೋಡ್ ಎರಡು ಲಕ್ಷದ ಮೇಲಿದ್ದರಿಂದ ಏಳನೇ ತಿಂಗಳಿನಿಂದ ಟೆನೊಫೊವಿರ್ ಕೊಟ್ಟರು. ಮಗು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್. ಎದೆಹಾಲು ಕುಡಿಸಲು ಯಾವ ಅಡ್ಡಿಯೂ ಇರಲಿಲ್ಲ. ಒಂಬತ್ತು ತಿಂಗಳು ದಾಟಿದ ಮೇಲೆ ಮಗುವಿನ ರಕ್ತ ನೋಡಿಸಿದರು. ಎಚ್‌ಬಿಎಸ್‌ಎಜಿ ನಾನ್‌ರಿಯಾಕ್ಟಿವ್.

ಅತ್ತೆಯ ಕಿರಿಯ ಮಗ ಇನ್ನೂ ಪರೀಕ್ಷೆಗೆ ಬಂದಿಲ್ಲ. ಗೊತ್ತಾದರೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಾನೆ. ಮದುವೆಯಾಗುವ ಹುಡುಗಿಗೆ ಮೂರು ಲಸಿಕೆ ಹಾಕಿಸಿ, ರಕ್ಷಣೆ ಬಂದಿದೆ ಎಂದು ನೋಡಿಕೊಂಡರೆ ಅವಳಿಗೆ ಅಪಾಯವಿಲ್ಲ, ಹೇಳದೆ ಮುಚ್ಚಿಟ್ಟರೆ ಇದೆ ಎಂದು ವಿವರಿಸಿದ್ದೇನೆ. ಯುಗಾದಿಗೆ ಊರಿಗೆ ಬರುತ್ತಾನೆ. ಆಗ ಮತ್ತೆ ಕೂರಿಸಿಕೊಂಡು ಮಾತನಾಡುತ್ತೇನೆ, ಈ ಸಲ ಅವನ ಅಕ್ಕನನ್ನೂ ಜೊತೆಗಿಟ್ಟುಕೊಂಡು.